ಗಾಳಿಯಿಲ್ಲದ ಕೂಗು

ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಪೀಪಿ,

ಇಲ್ಲಿ ಎಲ್ಲರೂ ಕ್ಷೇಮ. ನೀನೂ ಹಾಗೇ ಇದ್ದೀಯ ಅಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಫೋನುಗಳನ್ನು ಬೇಕೆಂದೇ ಎತ್ತಲಿಲ್ಲ. ನಿನ್ನ ದನಿ ಕಿವಿಗೆ ಬಿತ್ತೆಂದರೆ ಹನ್ನೊಂದು ವರ್ಷದ ಅಭ್ಯಾಸ, ಹೂಂ ಅಂದುಬಿಡುತ್ತೇನೆ. ಈ ಸಲ ಹೂಂ ಅನ್ನುವ ಮೊದಲು ಯೋಚಿಸಬೇಕಿತ್ತು. ನಾವಿಬ್ಬರೂ ಕಲಿತದ್ದು ಇಂಗ್ಲಿಷಿನಲ್ಲೇ ತಾನೆ, ಅದರಲ್ಲೇ ಬರೆಯಲು ಕೂತೆ. ನನ್ನ ಸಿಟ್ಟು ಯೂನಿಫಾರ್ಮ್ ಹಾಕಿಕೊಂಡು, ತಲೆ ಬಾಚಿಕೊಂಡು ಬಂದು ನಿಂತಿತು. ಅದನ್ನು ಹರಿದುಹಾಕಿ ಇದನ್ನು ಶುರುಮಾಡಿದ್ದೇನೆ. ಕಾಗುಣಿತ ತಪ್ಪಿದ್ದರೆ ನಗಬೇಡ.

ಕಾಲು ಪರವಾಗಿಲ್ಲ. ಕೋಲು ಹಿಡಿದುಕೊಂಡು ಅಡುಗೆಮನೆಯಿಂದ ಬಾಲ್ಕನಿಯವರೆಗೆ ಹೋಗಿಬರುತ್ತೇನೆ. ತೊಂದರೆ ಇರುವುದು ಮುಖದಲ್ಲಿ. ದವಡೆಯ ತಂತಿ ಬಿಚ್ಚಿದ್ದಾರೆ, ಆದರೆ ಎಡಗಡೆಯ ತುಟಿ ಇನ್ನೂ ನನ್ನ ಮಾತು ಕೇಳುತ್ತಿಲ್ಲ. ತುಟಿ ಕೂಡಿಸಿ ಹೇಳಬೇಕಾದ ಅಕ್ಷರಗಳೆಲ್ಲ ಆ ಸಂದಿಯಿಂದ ಸೋರಿಹೋಗುತ್ತವೆ. ಮಾತಿನ ತರಬೇತಿ ಕೊಡುವಾಕೆ ಮನೆಗೇ ಬಂದು, ನನ್ನನ್ನು ಕನ್ನಡಿಯ ಮುಂದೆ ಕೂರಿಸಿ "ಪ, ಬ, ಮ" ಹೇಳಿಸುತ್ತಾಳೆ. ಟಿವಿಯಲ್ಲಿ ಹತ್ತಾರು ಲಕ್ಷ ಜನರ ಮುಂದೆ ಪಟಪಟ ಅಂತ ಮಾತಾಡುತ್ತಿದ್ದವಳು ಈಗ ಒಂದನೇ ತರಗತಿ. "ಮನೇಲಿ ಕರೀತೀರಲ್ಲ, ಆ ಹೆಸರುಗಳಿಂದ ಶುರು ಮಾಡೋಣ ಮೇಡಂ" ಅಂದಳು. "ಅಮ್ಮ" ಹೇಗೋ ಬಂತು. ನಿನ್ನನ್ನು ಕರೆಯಹೋದರೆ ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗಾಯಿತು. ಅಮ್ಮ ಬಾಗಿಲಲ್ಲೇ ನಿಂತು ನಕ್ಕಳು. "ಚಿಕ್ಕವಳಿದ್ದಾಗ ಆಟದ ಪೀಪಿ ಥರ ಅಳ್ತಾಳೆ ಅಂತ ನೀನೇ ಇಟ್ಟ ಹೆಸರು ಕಣೆ. ಈಗ ನಿನ್ನ ಬಾಯಿಗೇ ಬರ್ತಿಲ್ಲ ನೋಡು." ನಾನೂ ನಕ್ಕೆ, ಬಲಗಡೆಯಿಂದ ಮಾತ್ರ.

ಬಂದುಹೋಗುವವರ ಕಾಟ ಕಡಿಮೆಯಾಗಿದೆ. ಬಂದವರೆಲ್ಲ ಒಂದೇ ಮಾತು, "ಎಷ್ಟು ಧೈರ್ಯ ನಿಮಗೆ!" ಎಲ್ಲಿಯ ಧೈರ್ಯ? ಕಾರು ಉರುಳಿದಾಗ ಬೆಲ್ಟ್ ಹಾಕಿಕೊಂಡಿದ್ದೆ, ಅಷ್ಟೆ. ಮೊನ್ನೆ ಕೆಳಗಿನ ಮನೆಯಾಕೆ ನನ್ನ ಕೆನ್ನೆಯ ಹೊಲಿಗೆ ನೋಡಿ "ಮೇಕಪ್ಪಲ್ಲಿ ಮುಚ್ಚಿಹೋಗುತ್ತೆ ಬಿಡಿ" ಅಂದರು. ನಿನ್ನ ಭಾವ ಅವರಿಗೆ ಕಾಫಿ ತರುತ್ತೇನೆಂದು ಒಳಗೆ ಹೋದವರು, ಆಕೆ ಎದ್ದು ಹೋಗುವವರೆಗೂ ಹೊರಗೆ ಬರಲೇ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರದ ವಿಶೇಷ ಕಾರ್ಯಕ್ರಮದಲ್ಲಿ ಅಪಘಾತದ ದೃಶ್ಯ ತೋರಿಸುತ್ತೀರಿ, ಆಮೇಲೆ ನಾನು ಕೋಲು ಊರಿಕೊಂಡು ಬಂದು "ಮತ್ತೆ ಬಂದಿದ್ದೇನೆ" ಅನ್ನಬೇಕು. ಅದಕ್ಕೆ ನನ್ನ ಒಪ್ಪಿಗೆ ಕೇಳಿದ್ದೀಯ. ಒಪ್ಪಿಗೆ ಸಿಗುವ ಮೊದಲೇ ಪ್ರೋಮೋ ಹಾಕಿಯೂ ಆಯಿತು. ಅದು ನಮ್ಮ ಚಾನೆಲ್ಲಿನ ಗುಣ, ನಾನೂ ಅಲ್ಲೇ ಬೆಳೆದವಳು, ಅದಕ್ಕೆ ನಿನ್ನೊಬ್ಬಳನ್ನೇ ಬಯ್ಯುವುದಿಲ್ಲ.

ಆದರೆ ನನಗೆ ಸಿಟ್ಟು ಬಂದಿದೆ ಪೀಪಿ. ನನ್ನ ಸಿಟ್ಟು ನಿನಗೆ ಗೊತ್ತಲ್ಲ, ಬಂದ ಮೇಲೆ ನಾಲ್ಕು ದಿನ ಕೂತು, ಇದು ಸರಿಯಾದ ಸಿಟ್ಟೇ ಅಂತ ಪರೀಕ್ಷೆ ಮಾಡುತ್ತೇನೆ. ಅಷ್ಟರಲ್ಲಿ ಸಾಮಾನ್ಯವಾಗಿ ಆರಿಹೋಗಿರುತ್ತದೆ. ಇದು ಆರಲಿಲ್ಲ. ದಿನ ಕಳೆದಂತೆ ಬಿಸಿಯಾಯಿತು.

ನಮ್ಮ ಕೆಲಸದ ರೀತಿ ಕೇಳಿದವರು ಹುಚ್ಚು ಅನ್ನುತ್ತಾರೆ. ಹೊಸ ಕಾರನ್ನು ಓಡಿಸುತ್ತ, ಅದರ ಗುಣದೋಷ ಹೇಳುವವಳು ನಾನು. ದೂರದಲ್ಲಿ ನಿಂತ ವ್ಯಾನಿನಲ್ಲಿ ಪರದೆಯನ್ನೂ ರಸ್ತೆಯನ್ನೂ ನೋಡುತ್ತ, ನನ್ನ ಕಿವಿಯಲ್ಲಿ ಮಾತಾಡುವವಳು ನೀನು. ನೀನು "ನೋಡು" ಅಂದರೆ ನಾನು ರಸ್ತೆ ಬಿಟ್ಟು ಕಾರಿನೊಳಗಿನ ಕ್ಯಾಮೆರಾ ನೋಡಿ ನಗಬೇಕು. "ರಸ್ತೆ" ಅಂದರೆ ಕಣ್ಣು ಮತ್ತೆ ಮುಂದಕ್ಕೆ. ಎರಡೇ ಮಾತು. ನಿನ್ನ ಭಾವ ಪಾರ್ಕಿಂಗಿನಲ್ಲಿ ನಿಂತು "ಬಾ, ಬಾ, ಇನ್ನೂ ಜಾಗ ಇದೆ" ಅಂದರೂ ನಾನು ಇಳಿದು ನೋಡಿ ಬರುವವಳು. ನೀನು ಅಂದರೆ ಮಾತ್ರ ಆ ವೇಗದಲ್ಲೂ ಮುಖ ತಿರುಗಿಸುತ್ತಿದ್ದೆ. ಮನೆಯಲ್ಲಿ ನಾನು ಅಕ್ಕ, ಕಾರಿನಲ್ಲಿ ನೀನು.

ಆ ದಿನ ಬಳಕೆಯಿಲ್ಲದ ಆ ರನ್‌ವೇಯಲ್ಲಿ ಗಂಟೆಗೆ ನೂರಾ ಎಪ್ಪತ್ತು ಕಿಲೋಮೀಟರ್ ವೇಗದಲ್ಲಿದ್ದೆ. ನೀನು "ನೋಡು" ಅಂದೆ. ನಾನು ನೋಡಿದೆ, ನಕ್ಕೆ. ನಿನ್ನ "ರಸ್ತೆ" ಬರುವ ಹೊತ್ತಿಗೆ ಡಾಂಬರು ಮುಗಿದಿತ್ತು.

ಟೈರು ಸಿಡಿಯಿತು ಅಂತ ಚಾನೆಲ್ಲಿನವರು ಹೇಳಿದರು. ನೀನು ಮಾತ್ರ ಆಸ್ಪತ್ರೆಯಲ್ಲಿ ಮಂಚದ ಕಂಬಿ ಹಿಡಿದುಕೊಂಡು ಅತ್ತೆ. "ನಿನ್ನ ನಗು ಅಷ್ಟು ಚೆನ್ನಾಗಿ ಬರ್ತಾ ಇತ್ತು ಅಕ್ಕ, ಇನ್ನೊಂದು ಕ್ಷಣ ಇರ್ಲಿ ಅನ್ಸ್ತು." ನನ್ನ ಬಾಯಿಗೆ ತಂತಿ ಬಿಗಿದಿತ್ತು, ನಿನ್ನ ಕೈ ಅದುಮಿದೆ. ನೆನಪಿದೆಯಲ್ಲ? ಆ ತಪ್ಪನ್ನು ನಾನು ಅಲ್ಲೇ ಬಿಟ್ಟೆ. ಈಗಲೂ ಎತ್ತಿಕೊಂಡಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ನನಗೂ ಆ ಒಂದು ಕ್ಷಣದ ಆಸೆ ಆಗುತ್ತಿತ್ತೇನೋ. ಕೆಲಸವೇ ಅಂಥದ್ದು. ಮಂಚದ ಪಕ್ಕ ಕುರ್ಚಿಯಲ್ಲೇ ಮಲಗಿ, ಚಮಚದಲ್ಲಿ ಗಂಜಿ ಕುಡಿಸಿ, ನನ್ನ ತಲೆ ಬಾಚಿದವಳೂ ನೀನೇ. ಅದನ್ನೂ ಮರೆತಿಲ್ಲ. ಮರೆಯಲು ಆಗಿದ್ದರೆ ಈ ಪತ್ರ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಸೋಮವಾರ ಸಂಜೆ ಮಗಳು ಶಾಲೆಯಿಂದ ಬಂದವಳೇ ಬ್ಯಾಗ್ ಕೂಡ ಇಳಿಸದೆ ಟಿವಿ ಹಾಕಿದಳು. "ಅಮ್ಮಾ, ಪ್ರೋಮೋ ನೋಡಿದ್ಯಾ? ನಮ್ಮ ಕ್ಲಾಸಲ್ಲಿ ಎಲ್ಲರೂ ಅತ್ರು." ನೋಡಿದೆ. ಮೊದಲು ನನ್ನ ನಗು, ಪೂರ್ತಿ ಮುಖದ್ದು. ಆಮೇಲೆ ಕಾರು ಉರುಳುತ್ತದೆ, ಪರದೆ ಕಪ್ಪಾಗುತ್ತದೆ. ಆ ಕತ್ತಲೆಯಲ್ಲಿ ನಿನ್ನ ಕೂಗು, "ಅಕ್ಕಾ! ಅಕ್ಕಾ! ಮಾತಾಡು ಅಕ್ಕಾ!"

ಮಗಳು ಕಣ್ಣು ಒರೆಸಿಕೊಂಡು, "ಚಿಕ್ಕಮ್ಮ ನಿನಗೋಸ್ಕರ ಎಷ್ಟು ಕೂಗಿದಾಳೆ ಅಲ್ವಾ?" ಅಂದಳು. "ಕರುಳು ಕಿತ್ತು ಬಂದಿರುತ್ತೆ ಪಾಪ" ಅಂದಳು ಅಮ್ಮ. ನಿನ್ನ ಭಾವ ಮಾತ್ರ ನನ್ನ ಮುಖ ನೋಡಿ ಟಿವಿ ಆರಿಸಿದರು.

ಪೀಪಿ, ಅದನ್ನು ನೀನು ಸ್ಟುಡಿಯೋದಲ್ಲಿ ಡಬ್ ಮಾಡಿದ್ದೀಯ. ಆ ದಿನ ಬಯಲಿನಲ್ಲಿ ಎಂಥ ಗಾಳಿ ಇತ್ತು ಅಂದರೆ, ನನ್ನ ಕೂದಲು ನಿಲ್ಲುತ್ತಿಲ್ಲ ಅಂತ ಮೇಕಪ್ಪಿನವಳು ಎರಡು ಸಲ ಸ್ಪ್ರೇ ಹೊಡೆದಳು. ಆ ಕೂಗಿನಲ್ಲಿ ಒಂದಿಷ್ಟೂ ಗಾಳಿ ಇಲ್ಲ. ಗೋಡೆಗೆ ಸ್ಪಂಜು ಹಚ್ಚಿದ ಕೋಣೆ, ಬಾಯಿಯ ಮುಂದೆ ಒಳ್ಳೆಯ ಮೈಕು. ಎಷ್ಟು ಟೇಕ್ ತಗೊಂಡೆ? ಮೂರನೇ "ಅಕ್ಕಾ"ದಲ್ಲಿ ದನಿ ಒಡೆಯುತ್ತದಲ್ಲ, ಅದು ತಾನಾಗಿ ಬಂತೋ, ಅಥವಾ ಯಾರಾದರೂ "ಇನ್ನೂ ಸ್ವಲ್ಪ" ಅಂದರೋ? ಹೆಡ್‌ಫೋನ್ ಹಾಕಿಕೊಂಡು ನೀನು ಅದನ್ನು ಕೇಳಿಸಿಕೊಂಡೆ, ಚೆನ್ನಾಗಿದೆ ಅಂದೆ, ನನ್ನ ಮಗಳಿಗೆ ಕೇಳಿಸಿದೆ. ಅವಳು ಈಗ ಅದನ್ನು ನಂಬಿ ಕೂತಿದ್ದಾಳೆ. ನಾನು ಏನು ಹೇಳಲಿ ಅವಳಿಗೆ?

"ಕೂಗಿದ್ದು ನಿಜ ಅಕ್ಕ, ರೆಕಾರ್ಡ್ ಆಗಿರಲಿಲ್ಲ, ಅದಕ್ಕೇ ಮತ್ತೆ ಕೂಗಿದೆ" ಅನ್ನುತ್ತೀಯ. ಅನ್ನಬೇಡ. ದಯವಿಟ್ಟು ಅದೊಂದನ್ನು ಮಾತ್ರ ನನ್ನ ಹತ್ತಿರ ಅನ್ನಬೇಡ.

ಭಾನುವಾರ ನಾನು ಬರುವುದಿಲ್ಲ. ಇದು ನನ್ನ ಉತ್ತರ. ಅಪಘಾತದ ದೃಶ್ಯ ಬೇಕಾದರೆ ತೋರಿಸಿ. ಬಿದ್ದವಳು ನಾನು, ನನಗೆ ನಾಚಿಕೆಯಿಲ್ಲ. ನೋಡಿದವರಲ್ಲಿ ಒಬ್ಬರಾದರೂ ವೇಗ ಇಳಿಸಿದರೆ ಸಂತೋಷ. ಆದರೆ ಆ ಕೂಗನ್ನು ತೆಗೆ. ಕತ್ತಲೆ ಕತ್ತಲೆಯಾಗಿಯೇ ಇರಲಿ. ತೆಗೆಯದಿದ್ದರೆ ಚಾನೆಲ್ಲಿನ ಮುಖ್ಯಸ್ಥರಿಗೆ ನಾನೇ ಬರೆಯುತ್ತೇನೆ, ಯಾಕೆ ಅಂತಲೂ ಬರೆಯುತ್ತೇನೆ. ಬೆದರಿಕೆಯೇ ಇದು, ಹೌದು. ತುಟಿ ನೆಟ್ಟಗಾದ ಮೇಲೆ ಕೆಲಸಕ್ಕೆ ಬರುತ್ತೇನೆ, ಆದರೆ ಇನ್ನು ಮುಂದೆ ಕಿವಿಯಲ್ಲಿ ಯಾರೂ ಬೇಡ. ರಸ್ತೆ ಯಾವಾಗ ನೋಡಬೇಕು ಅನ್ನುವುದನ್ನು ನಾನೇ ನೋಡಿಕೊಳ್ಳುತ್ತೇನೆ.

ಊಟ ಬಿಡಬೇಡ. ಎಡಿಟಿಂಗ್ ಕೋಣೆಯಲ್ಲಿ ಬರೀ ಬಿಸ್ಕತ್ತಿನಲ್ಲಿ ದಿನ ತಳ್ಳುತ್ತೀಯ ಅಂತ ಅಮ್ಮನಿಗೆ ಚಿಂತೆ. ನನಗೂ ಚಿಂತೆ, ಏನು ಮಾಡಲಿ, ಹುಟ್ಟಿದಾಗಿನಿಂದ ಅಂಟಿಕೊಂಡದ್ದು. ಚೆನ್ನಾಗಿರು. ಇಷ್ಟು ಸಿಟ್ಟಿನಲ್ಲೂ ಆ ಮಾತು ಮನಸ್ಸಿನಿಂದಲೇ ಬಂದಿದೆ, ಆಶೀರ್ವಾದ ಅಂತಲೇ ತಿಳಿದುಕೋ.

ನಿನ್ನ
ಅಕ್ಕ

ತಾ.ಕ.: ಇದನ್ನು ಬರೆಯಬಾರದು ಅಂತಿದ್ದೆ. ಕಾರಿನ ಜೊತೆಗೇ ಎಲ್ಲ ಸತ್ತುಹೋಯಿತು ಅಂತ ನೀನು ತಿಳಿದಿದ್ದೀಯ. ನನ್ನ ಕಿವಿಯಲ್ಲಿದ್ದ ಇಯರ್‌ಫೋನ್ ಸತ್ತಿರಲಿಲ್ಲ. ಟೇಪು ಹಾಕಿ ಅಂಟಿಸಿದ್ದೆಯಲ್ಲ, ಕಳಚಿಯೂ ಇರಲಿಲ್ಲ. ಕಾರು ಉರುಳಿ ನಿಂತ ಮೇಲೆ ನಾನು ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದೆ. ಗಾಳಿ ಬೀಸುತ್ತಿತ್ತು. ಮೊದಲು ನಿನ್ನ ದನಿ ಬಂತು, "ರೆಕಾರ್ಡ್ ಆಗಿದ್ಯಾ?" ವ್ಯಾನಿನಲ್ಲಿ ನಿನ್ನ ಪಕ್ಕದಲ್ಲಿದ್ದ ಕ್ಯಾಮೆರಾದವನು "ಆಗಿದೆ" ಅಂದ. ನೀನು "ಸದ್ಯ" ಅಂದೆ. ಆಮೇಲೆ ವ್ಯಾನಿನ ಬಾಗಿಲು ತೆಗೆದ ಸದ್ದು. ನೀನು ಓಡಿ ಬಂದದ್ದು ನಿಜ. ಆದರೆ ಅಲ್ಲಿಯವರೆಗೂ ನಾನು ಕಣ್ಣು ಮುಚ್ಚಿರಲಿಲ್ಲ ಪೀಪಿ. ಒಡೆದ ಗಾಜಿನ ನಡುವೆ ಆ ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ. ನೀನು ಹೇಳುವ ಮೊದಲು ಅದರಿಂದ ಕಣ್ಣು ಕಿತ್ತು ನನಗೆ ಅಭ್ಯಾಸವಿರಲಿಲ್ಲ.