ಕೋಪ ಅಂದುಕೊಂಡದ್ದು

ಯಲಹಂಕ ಉಪನಗರ
9 ನವೆಂಬರ್ 2025, ಭಾನುವಾರ

ಕೌಸಲ್ಯಾ,

ಮದುವೆಯಾಗಿ ಇಪ್ಪತ್ನಾಲ್ಕು ವರ್ಷಕ್ಕೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನ್ ಮಾಡಿದರೆ ನನ್ನ ದನಿ ಏರುತ್ತದೆ, ನೀನು ಇಟ್ಟುಬಿಡುತ್ತೀಯ. ಬರೆಯುವಾಗ ದನಿ ಏರಿಸಲು ಬರುವುದಿಲ್ಲವಲ್ಲ, ಅದಕ್ಕೆ.

ಮಹತಿಯನ್ನು ಕರೆದುಕೊಂಡು ನೀನು ತಣಿಸಂದ್ರಕ್ಕೆ, ನಿನ್ನ ಅಣ್ಣನ ಮನೆಗೆ ಹೋಗಿ ಇವತ್ತಿಗೆ ಎಪ್ಪತ್ತು ದಿನ. ತಪ್ಪು ನಿನ್ನದಲ್ಲ. ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡು ಮಲಗಿದ್ದ ಮಗಳ ಮೇಲೆ, ಆಸ್ಪತ್ರೆಯ ವಾರ್ಡಿನಲ್ಲಿ ಹತ್ತು ಜನರ ಎದುರು, "ಅಷ್ಟು ಸ್ಪೀಡಾಗಿ ಓಡ್ಸು ಅಂತ ಯಾರೇ ಹೇಳಿದ್ದು ನಿಂಗೆ?" ಎಂದು ಕಿರುಚಿದವನು ನಾನು. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಒಂದು ವಿಷಯ ಹೇಳುತ್ತೇನೆ, ನಗಬೇಡ. ಆರು ವಾರದಿಂದ ಪ್ರತಿ ಭಾನುವಾರ ಬೆಳಗ್ಗೆ ಅಲ್ಲಾಳಸಂದ್ರ ಕೆರೆಯ ಹತ್ತಿರ ಗಂಡಸರ ಒಂದು ಗುಂಪಿಗೆ ಹೋಗುತ್ತಿದ್ದೇನೆ. ಬಿ.ಪಿ. ನೋಡುವ ಡಾಕ್ಟರು ಕಳಿಸಿದ್ದು. ಎಂಟು ಜನ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಆಪ್ತಸಮಾಲೋಚಕ ವಿಜಯ್ ಕುಮಾರ್ ಉಪದೇಶ ಮಾಡುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ. ಮೊದಲ ದಿನ ನನ್ನನ್ನು, "ಕೋಪ ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗತ್ತೆ ಸಾರ್?" ಎಂದು ಕೇಳಿದರು. ಇದೆಂಥ ಪ್ರಶ್ನೆ ಅನ್ನಿಸಿತು. ಆದರೆ ಯಶವಂತಪುರದ ಮಂಡಿಗಳಲ್ಲಿ ತೂಕದ ಯಂತ್ರ ರಿಪೇರಿ ಮಾಡುವವನು ನಾನು, ಕೆಟ್ಟಿರುವುದು ಎಲ್ಲಿ ಎಂದು ಹುಡುಕುವ ಚಪಲ ಇದ್ದೇ ಇದೆ. ವಾರವೆಲ್ಲ ನನ್ನನ್ನೇ ಗಮನಿಸಿದೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಕಿವಿ ಬಿಸಿಯಾಗುತ್ತದೆ. ಮನೆಗೆ ಬಂದು ಖಾಲಿ ಅಡುಗೆಮನೆ ನೋಡಿದರೂ ಸಿಟ್ಟೇ ಬರುತ್ತದೆ, ಆದರೆ ಆಗ ಕಿವಿ ತಣ್ಣಗಿರುತ್ತದೆ, ಬಾಗಿಲಲ್ಲೇ ನಿಂತುಬಿಡುತ್ತೇನೆ. ಎರಡಕ್ಕೂ ಇಷ್ಟು ವರ್ಷ ಒಂದೇ ಹೆಸರು ಇಟ್ಟುಕೊಂಡಿದ್ದೆನಲ್ಲ!

ಇಲ್ಲೇ ಹತ್ತಿರದ ಸಿಂಗಾಪುರ ಹಳ್ಳಿಯಿಂದ ಮುನಿಕೃಷ್ಣಪ್ಪ ಎಂಬ ಎಪ್ಪತ್ತು ದಾಟಿದ ಹಿರಿಯರು ಬರುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಸೊಸೆ ಬಡಿಸಿದ ತಟ್ಟೆಯನ್ನು ದಿನಾ ದೂರ ತಳ್ಳುತ್ತಿದ್ದರಂತೆ. ಹೋದ ತಿಂಗಳು ಒಂದು ದಿನ, "ಸಾರು ಚೆನ್ನಾಗೇ ಐತೆ ಕಣಪ್ಪ. ನಮ್ಮವಳು ಬಡಿಸ್ತಿಲ್ವಲ್ಲ, ಅದಕ್ಕೇ ಇಂಗಾಡ್ತಿದ್ದೆ" ಎಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಯಾರೂ ಸಮಾಧಾನ ಹೇಳಲಿಲ್ಲ. ಅವರ ಅಳು ಮುಗಿಯುವ ತನಕ ಸುಮ್ಮನೆ ಕೂತಿದ್ದೆವು. ಗಂಡಸರು ಹಾಗೆ ಕೂತಿದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಅವತ್ತೇ ನಾನೂ ಬಾಯಿ ಬಿಟ್ಟೆ. ಅಪಘಾತದ ದಿನ ಮಹತಿಯ ನಂಬರಿನಿಂದ ಯಾರೋ ಗಂಡಸು, "ಈ ಫೋನಿನವರು ಬಿದ್ದಿದ್ದಾರೆ, ಬೇಗ ಬನ್ನಿ" ಎಂದಿದ್ದ. ಬದುಕಿದ್ದಾಳಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಆಟೋ ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡಿತು. ವಾರ್ಡಿನಲ್ಲಿ ಅವಳು ಕಣ್ಣು ಬಿಟ್ಟುಕೊಂಡಿರುವುದು ಕಂಡದ್ದೇ ತಡ, ಆ ಹೆದರಿಕೆಯೆಲ್ಲ ಬೈಗುಳವಾಗಿ ಹೊರಗೆ ಬಂತು.

ಮೊನ್ನೆ ಶುಕ್ರವಾರ ಅವಳು ಫಿಸಿಯೋಥೆರಪಿಗೆ ಬರುವ ಕ್ಲಿನಿಕ್ಕಿನ ಹೊರಗೆ ಕಾದು ನಿಂತಿದ್ದೆ. ಸಮಯ ಹೇಳಿದ್ದು ನಿನ್ನ ಅಣ್ಣನೇ, ಅವರನ್ನು ಬೈಯಬೇಡ. "ಅವತ್ತು ತುಂಬ ಹೆದರ್ಬಿಟ್ಟಿದ್ದೆ ಕಣೇ. ಕಿರುಚಿದ್ದು ತಪ್ಪಾಯ್ತು" ಎಂದೆ. ಅವಳು ಇನ್ನೇನೋ ಬರಬೇಕು ಎಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೂ ಸ್ವಲ್ಪ ಹೊತ್ತು ಮಾತಾಡಿದೆವು. ಆಮೇಲೆ ಎಳನೀರು ಕುಡಿದೆವು. ಅವಳಿಗೆ ಒಂದೇ ಕೈಯಲ್ಲಿ ಹಿಡಿಯಲು ಆಗಲಿಲ್ಲ, ಬುರುಡೆಯನ್ನು ನಾನು ಹಿಡಿದುಕೊಂಡೆ.

ಮನೆಗೆ ಬಾ ಎಂದು ಈಗ ಕರೆಯುತ್ತಿಲ್ಲ. ನನ್ನ ಕಿರುಚಾಟ ಕೇಳಿದಾಗಲೆಲ್ಲ ನಿನಗೆ ಒಳಗೆ ಏನಾಗುತ್ತಿತ್ತು? ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಬೇಕೆನಿಸಿದರೆ ಬರಿ.

ನಿನ್ನ
ನಿರಂಜನ

ತಾ.ಕ.: ಹೆದರಿಕೆ ಎಂದು ಬರೆದದ್ದು ನಿಜ, ಆದರೆ ಪೂರ್ತಿ ನಿಜವಲ್ಲ. ಬೀಳುವುದಕ್ಕೆ ಮೂರು ದಿನ ಮೊದಲು ಮಹತಿ ನನಗೆ, ಸ್ಕೂಟರಿನ ಬ್ರೇಕ್ ಹಿಡಿಯುತ್ತಿಲ್ಲ, ಮೆಕ್ಯಾನಿಕ್‌ಗೆ ತೋರಿಸು ಎಂದಿದ್ದಳು. ನಾಳೆ ನೋಡೋಣ ಎಂದು ಬಿಟ್ಟೆ. ಅವಳು ಸ್ಪೀಡಾಗಿ ಹೋಗಿರಲಿಲ್ಲ. ಶುಕ್ರವಾರ ಅವಳ ಮುಂದೆ ಇದನ್ನೂ ಒಪ್ಪಿಕೊಂಡೆ. ಇಷ್ಟು ದಿನ ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ ಅಪ್ಪ" ಎಂದಳು.