ಶಹಾಪುರ–ಕಡೇಚೂರು ನೇರ ಬಸ್ಸು

ಶಹಾಪುರ
೧೪ ಜುಲೈ ೨೦೨೫

ಪ್ರೀತಿಯ ಮಗಳು ಭುವನೇಶ್ವರಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯವ್ವ? ಅಳಿಯ ಸುನೀಲಕುಮಾರರು ಆರಾಮಿದ್ದಾರೆಯೇ? ನಿನ್ನ ಕೆಮ್ಮು ಕಡಿಮೆಯಾಯಿತೋ ಇಲ್ಲವೋ? ಡ್ಯೂಟಿ ಡ್ಯೂಟಿ ಅಂತ ಊಟ ಬಿಡಬೇಡ, ಬಿಸಿನೀರು ಕುಡಿ. ನಾನು ಆರಾಮಿದ್ದೇನೆ. ಫೋನಿನಲ್ಲಿ ನಿಮ್ಮಪ್ಪನ ಸುದ್ದಿ ತೆಗೆದರೆ ಸಾಕು, "ಬಿಡವ್ವ" ಅಂದು ಮಾತು ತಿರುಗಿಸಿಬಿಡುತ್ತೀ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ, ಪೂರ್ತಿ ಓದು.

ನಿಮ್ಮಪ್ಪನನ್ನು ಕಂಡರೆ ನನಗೆ ಹೇಸಿಕೆ ಬಂದುಬಿಟ್ಟಿದೆ. ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೆಲಸದಿಂದ ರಿಟೈರ್ ಆದರೂ ಬಸ್ಸಿನ ಹುಚ್ಚು ಬಿಡಲಿಲ್ಲ, ಅವರ ಹಿಂದೆಯೇ ಮನೆಗೆ ಬಂತು. ಫೋಮ್ ಶೀಟು ಕತ್ತರಿಸಿ ಮೊಳದುದ್ದದ ಬಸ್ಸು ಮಾಡುತ್ತಾರೆ. ಬಾಗಿಲು, ಏಣಿ, ಕನ್ನಡಿ ಎಲ್ಲ ಅಸಲಿ ಬಸ್ಸಿನಂತೆಯೇ. ಈಗ ಅಕ್ಷರಗಳೂ ಅಸಲಿಯಂತಿರಬೇಕಂತೆ. ನೀನು ಓದುವಾಗ ಕೊಡಿಸಿದ್ದ ಪ್ರಿಂಟರನ್ನು ಅಟ್ಟದಿಂದ ಇಳಿಸಿದ್ದಾರೆ. ಹೈದರಾಬಾದಿನಿಂದ ಅದೇನೋ ಒಂದು ಕಾಗದ ತರಿಸಿದ್ದಾರೆ. ಅದರ ಮೇಲೆ ಊರ ಹೆಸರು, ನಂಬರು ಪ್ರಿಂಟ್ ಹಾಕಿ, ವಾರ್ನಿಷ್ ಹೊಡೆದು ಒಣಗಿಸಿ, ನೀರಿನಲ್ಲಿ ನೆನೆಹಾಕಿದರೆ ಅಕ್ಷರದ ತೆಳ್ಳನೆಯ ಪೊರೆ ಜಾರಿ ಬರುತ್ತದೆ. ಅದನ್ನು ಬಸ್ಸಿಗೆ ಅಂಟಿಸುತ್ತಾರೆ. ಆ ವಾರ್ನಿಷ್ ವಾಸನೆಗೆ ನನಗೆ ಅನ್ನ ಸೇರುತ್ತಿಲ್ಲ. ರೊಟ್ಟಿ ಬುಟ್ಟಿಯಲ್ಲಿ "ಸುರಪುರ", ಹಿಟ್ಟಿನ ಡಬ್ಬಿಗೆ "ಗುರುಮಠಕಲ್". ಮೊನ್ನೆ ನನ್ನ ಮೊಣಕೈಗೆ "ಮಹಿಳೆಯರಿಗೆ ಮಾತ್ರ" ಅಂಟಿಕೊಂಡಿತ್ತು, ಹಾಗೇ ಸಂತೆ ಮಾಡಿಕೊಂಡು ಬಂದಿದ್ದೇನೆ. ಯಾರಾದರೂ ಹೇಳಬಾರದೇ!

ಇದನ್ನೆಲ್ಲ ಸಹಿಸಬಹುದು. ನೀನು ಜಾತಿ ಬಿಟ್ಟು ಮದುವೆಯಾದ ದಿನ "ಆ ನೀಲಿ ಬಾವುಟದ ಮಂದಿ ಮನಿಗಿ ಹೋದಾಕಿ ಹೆಸರು ಈ ಮನ್ಯಾಗ ಯಾರೂ ತಗೀಬ್ಯಾಡ್ರಿ" ಅಂದವರು, ಇವತ್ತಿಗೂ ನಿನ್ನ ಹೆಸರು ಬಾಯಿಗೆ ತಂದಿಲ್ಲ. ಆಟಿಕೆಯ ಬಸ್ಸಿನ ನಂಬರು ಒಂದು ಕೂದಲಷ್ಟು ಸೊಟ್ಟಾದರೆ ಕಿತ್ತು ಮತ್ತೆ ಅಂಟಿಸುತ್ತಾರೆ, ಹೆತ್ತ ಮಗಳ ಕಡೆ ತಿರುಗಿ ನೋಡುವುದಿಲ್ಲ. ಇಂಥವರಿಗೆ ದಿನಾ ರೊಟ್ಟಿ ಬಡಿದು ಹಾಕುತ್ತೇನಲ್ಲ ಅಂತ ನನ್ನ ಮೇಲೂ ನನಗೆ ಸಿಟ್ಟು.

ಹೋದ ವಾರದ್ದು ಕೇಳು. ಹೊಸದೊಂದು ಬಸ್ಸಿಗೆ ನೀಲಿ ಅಕ್ಷರದ ಬೋರ್ಡು ಪ್ರಿಂಟ್ ಹಾಕಿದರು. ಅದೇನು ಅವಸರವೋ, ವಾರ್ನಿಷ್ ಹೊಡೆಯದೆಯೇ ನೀರಿಗೆ ಹಾಕಿದ್ದಾರೆ. ಅದೂ ಎಲ್ಲಿ? ಲಿಂಗಪೂಜೆಯ ತಾಮ್ರದ ಬಟ್ಟಲಿನಲ್ಲಿ! ಕೈಗೆ ಅದೇ ಸಿಕ್ಕಿತಂತೆ. ಬಣ್ಣವೆಲ್ಲ ಕರಗಿ ನೀರಿಗಿಳಿಯಿತು, ಇವರು ಸಿಟ್ಟು ಮಾಡಿಕೊಂಡು ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದರು. ಮರುದಿನ ಬೆಳಿಗ್ಗೆ ಕನ್ನಡಕವಿಲ್ಲದೆ ಪೂಜೆಗೆ ಕೂತು, ಅದೇ ನೀರಿನಲ್ಲಿ ವಿಭೂತಿ ಕಲಸಿ ಹಣೆ ತುಂಬ ಎಳೆದುಕೊಂಡು ಬಜಾರಿಗೆ ಹೊರಟರು. ಎದುರುಮನೆಯ ಕುಬ್ರಾಬೇಗಂ ಬಾಗಿಲಲ್ಲೇ ಹಿಡಿದಳು: "ಯಾ ಅಲ್ಲಾ, ಲಿಂಗಣ್ಣವರ, ಅಳಿಯಂದ್ರ ಬಣ್ಣ ನಿಮ್ಮ ಹಣಿಗೇ ಬಂತಲ್ರಿ!" ತಿರುಗಿ ಬಂದು ತಿಕ್ಕಿ ತಿಕ್ಕಿ ತೊಳೆದರು. ನೀಲಿ ಸಂಜೆತನಕ ಹೋಗಲಿಲ್ಲ. ನಾನು ಬಟ್ಟಲು ಬೆಳಗುತ್ತ ಬೈದೆ, ಬೈಯುತ್ತಲೇ ನಕ್ಕೆ. ಅವರು ಅದೇ ಬೋರ್ಡನ್ನು ಮತ್ತೆ ಪ್ರಿಂಟ್ ಹಾಕಲು ಕೂತರು.

ನಿನ್ನೆ ಆ ಬಸ್ಸು ಮುಗಿಸಿ ನನ್ನ ಮುಂದಿಟ್ಟರು. ಬೋರ್ಡು ನೋಡಿದೆ: ಶಹಾಪುರ–ಕಡೇಚೂರು, ನೇರ. ನಿಮ್ಮೂರಿಗೆ ಅಂಥ ನೇರ ಬಸ್ಸೇ ಇಲ್ಲ. ಯಾದಗಿರಿಯಲ್ಲಿ ಇಳಿದು ಬದಲಿಸಬೇಕು ಅಂತ ಮೈಕಿನಲ್ಲಿ ಊರಿಗೆಲ್ಲ ಹೇಳುತ್ತಿದ್ದವರೇ ಇವರು! ನಮ್ಮ ಓಣಿಯ ಡ್ರೈವರ್ ಬಸು ನಿಮ್ಮ ಫ್ಯಾಕ್ಟರಿಗೆ ಸಾಮಾನು ಒಯ್ಯುತ್ತಾನಲ್ಲ, "ಬಸು ಆ ಕಡಿ ಹೊಂಟಾನ, ಕೊಟ್ಟು ಕಳಸು" ಅಂದರು. ಯಾರಿಗೆ ಅಂತ ಕೇಳಿದೆ. "ಅಕಿಗಿ" ಅಂದರು. "ಅಕಿಗಿ ಹೆಸರಿಲ್ಲೇನ್ರಿ?" ಅಂದೆ. ಗೋಡೆ ನೋಡುತ್ತ ಕೂತರು. ಆಗ ನನಗಾದ ಅಸಹ್ಯ ಇಷ್ಟಿಷ್ಟಲ್ಲ. ಊರೂರ ಹೆಸರು ತಿದ್ದಿ ತೀಡಿ ಪ್ರಿಂಟ್ ಹಾಕುವವರಿಗೆ ಮಗಳ ಹೆಸರು ನಾಲಗೆ ಮೇಲೆ ಬರುವುದಿಲ್ಲವಂತೆ. ಆಟಿಕೆ ಕಳಿಸಿ ಕೈತೊಳೆದುಕೊಳ್ಳುತ್ತಾರಂತೆ. ನಾನು ಕಳಿಸಲಿಲ್ಲ. ಬಸ್ಸನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ.

ಬಸುವಿನ ಕೈಯಲ್ಲಿ ನಾಳೆ ಈ ಕಾಗದವಷ್ಟೇ ಬರುತ್ತದೆ. ಸುನೀಲಕುಮಾರರಿಗೆ ನಾನು ನೆನೆಸಿದೆನೆಂದು ಹೇಳು. ಇಬ್ಬರೂ ತಣ್ಣಗಿರಿ.

ನಿನ್ನ ಅವ್ವ
ಗೊಲ್ಲಾಳಮ್ಮ

ತಾ.ಕ.: ಕಾಗದ ಮಡಚುವಾಗ ನಿಮ್ಮಪ್ಪ ಬಂದು ಟ್ರಂಕಿನ ಕೀಲಿ ಕೇಳಿದರು. ಬಸ್ಸನ್ನು ತಾವೇ ಒಯ್ಯುತ್ತಾರಂತೆ, ಗುರುವಾರ. ಯಾದಗಿರಿಯಲ್ಲಿ ಇಳಿದು ಬದಲಿಸಿ ಬರಲಿ, ಬಿಡು. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಅವರ ಚೀಲದಲ್ಲೇ ಇಟ್ಟಿರುತ್ತೇನೆ. ಬಾಗಿಲು ಬಡಿದರೆ ಕಿಟಕಿಯಿಂದ ನೋಡು, ಓಡಿಹೋಗಿ ತೆಗೆಯಬೇಡ. "ಯಾರು ಬೇಕಾಗಿತ್ರಿ?" ಅಂತ ಒಳಗಿನಿಂದಲೇ ಕೇಳು. ನಿನ್ನ ಹೆಸರು ಹೇಳಿದ ಮೇಲೆಯೇ ಚಿಲಕ ತೆಗೆ.