ಇಲ್ಲು, ಇಲ್ಲ

ಕುರುಗೋಡು
೨ ಏಪ್ರಿಲ್ ೧೯೫೩, ಗುರುವಾರ

ಇವತ್ತು ಅವ್ವನ ಹೆಸರಿನಲ್ಲಿ ಸುಳ್ಳು ಬರೆದೆ.

ಕನ್ನಡ ಸಂಘದ ಸಹಿ ಲಿಸ್ಟ್ ಹಿಡಿದು ಮನೆಮನೆ ತಿರುಗುವ ಕೆಲಸ. ಬಳ್ಳಾರಿ ಕನ್ನಡದ್ದು, ಆಂಧ್ರಕ್ಕೆ ಹೋಗಬಾರದು, ಒಂದು ಸಹಿಯೂ ತಪ್ಪಬಾರದು — ಕರಪತ್ರದಲ್ಲಿ ಹಾಗಿದೆ. ನಂಬಿದ್ದೇನೆ. ನಮ್ಮ ಬಾಗಿಲಿಗೆ ಬಂದಾಗ ಅವ್ವ ಬೀಸುತ್ತಿದ್ದಳು. ಅವಳ ತವರು ಆಲೂರು, ತೆಲುಗು ಸೀಮೆ; ಬೀಸುವ ಹಾಡೂ ತೆಲುಗು. ಸಾಲುಸಾಲಿಗೂ "ಮಾ ಇಲ್ಲು... ಮಾ ಇಲ್ಲು..." ನಮ್ಮ ಮನೆ, ನಮ್ಮ ಮನೆ.

ಜೊತೆಗಿದ್ದ ಸಂಘದ ಕೆಂಚಣ್ಣ ಗದಗಿನ ಕಡೆಯವರು, ತೆಲುಗು ಬಾರದು. ನಕ್ಕರು.

"ಏನವಾ ವಿರೂಪಮ್ಮ, ನಿಮ್ಮವ್ವ ಹಾಡಿನ್ಯಾಗೂ ಇಲ್ಲ ಇಲ್ಲ ಅಂತಾಳಲ್ಲ! ಸಹಿ ಹಾಕೂದಿಲ್ಲೇನು?"

ಇಲ್ಲು ಅಂದರೆ ಮನೆ, ಅದು ತೆಲುಗು ಅನ್ನಬೇಕಿತ್ತು. ಒಪ್ಪದ ತಾಯಿ ಇದ್ದರೆ ನನ್ನ ಹೋರಾಟ ದೊಡ್ಡದು. ತೆಲುಗು ತಾಯಿ ಇದ್ದರೆ... ನಾನು ಯಾರು? "ಹೌದ್ರಿ, ಒಪ್ಪವಲ್ಲಳು" ಅಂದೆ. 'ಇಲ್ಲ' ಕಾಲಂನಲ್ಲಿ ಹೆಸರು ನಾನೇ ಬರೆದೆ.

೪ ಏಪ್ರಿಲ್

ಹಾಡಬೇಡವ್ವಾ, ಮಂದಿ ಕೇಳ್ತಾರ ಅಂದೆ. "ಕೇಳಿದ್ರ ಅವರ ಕಿವಿ ಸವೀತಾವೇನು?" ಅಂದಳು. ಆದರೂ ನಿಲ್ಲಿಸಿದಳು. ಬರೀ ಕಲ್ಲಿನ ಸದ್ದು. ಬೇರೆ ಯಾರದೋ ಮನೆಯಲ್ಲಿ ಕೂತ ಹಾಗೆ.

೧೩ ಏಪ್ರಿಲ್, ಸೋಮವಾರ

ನಮ್ಮ ಬಾಗಿಲ ಪಕ್ಕ ಯಾರೋ ಎಳೆದ ಸುಣ್ಣದ ಗೀಟು. 'ಇಲ್ಲ' ಕಾಲಂನ ಹನ್ನೊಂದು ಮನೆಗೂ. ಎರಡು ಮನೆಯವರು ಆಗಲೇ ಬೀಗ ಹಾಕಿ ಹೋಗಿದ್ದಾರೆ. ಅವ್ವ ಗೀಟು ನೋಡಿ, "ಇದು ಯಾವ ಹಬ್ಬದ್ದು?" ಅಂದಳು.

ಸಿರುಗುಪ್ಪದ ಗಿರಣಿಯಿಂದ ಅಣ್ಣ ಹುಲುಗಪ್ಪ ಬಂದ. ಗೀಟು ನೋಡಿದ. ನನ್ನ ಬೆರಳಿನ ಮಸಿ ನೋಡಿದ.

"ಲಿಸ್ಟ್ ಬರದಾಕಿ ನೀನೇ ಅಲ್ಲೇನು? ಶಾಣ್ಯಾಕಿ. ಅವ್ವನ ಹೆಸರು ಬರಿಯಾಗ ಅಕ್ಷರ ಚಂದ ಬಂದವೇನು?"

ಅವ್ವನನ್ನು ಆಲೂರಿಗೆ ಒಯ್ಯುತ್ತಾನಂತೆ. ಗಡಿ ಬಿದ್ದರೆ ಅದು ಬೇರೆ ರಾಜ್ಯ. "ನೀ ನಿನ್ನ ರಾಜ್ಯದಾಗ ಇರು."

ಅವ್ವ ಏಳಲಿಲ್ಲ. "ಮೂವತ್ತು ವರ್ಷ ಸಾರಿಸಿದ ಮನಿ. ಬಿಟ್ಟು ಎಲ್ಲಿಗೆ ಬರ್ಲೆಪ್ಪಾ?"

ಅಣ್ಣ ಒಬ್ಬನೇ ಹೋದ.

೧೬ ಏಪ್ರಿಲ್, ಗುರುವಾರ, ಸಂಜೆ ಆರು

ಕೆಂಚಣ್ಣನಿಗೆ ಎಲ್ಲ ಹೇಳಿದೆ. ಇಲ್ಲು ಅಂದರೆ ಮನೆ ಅಂತ. ಲಿಸ್ಟ್ ಕೊಡ್ರಿ, ತಿದ್ದತೀನಿ ಅಂದೆ. ಈ ಸಲ ನಗಲಿಲ್ಲ.

"ಲಿಸ್ಟ್ ಈಗ ನನ್ನ ಕೈಯಾಗ ಇಲ್ಲವಾ. ಹೊರಗಿನ ಹುಡುಗರು ಒಯ್ದಾರ. ಒಂದೊಂದು ಮನಿ ಮುಂದ ಸೇರಿ ಒಪ್ಪಸ್ತಾರಂತ. ಒಪ್ಪದಿದ್ರ..."

"ಮೊದಲು ಯಾರ ಮನಿ?"

"ಬರದಾಕಿ ಮನೀನ, ನಾಳೆ ಮುಂಜಾನೆ ಎಂಟಕ್ಕ. ಸ್ವಂತ ತಾಯೀನೂ ಬಿಡಲಿಲ್ಲ ಅಂತ ನಿನ್ನ ಭಾಳ ಹೊಗಳ್ತಾರ."

ಅವ್ವನಿಗೆ ಇನ್ನೂ ಹೇಳಿಲ್ಲ. ಹೇಳಿದರೂ ಅವಳು ಏಳುವುದಿಲ್ಲ. ನಾನು ಹೊಸ್ತಿಲ ಮೇಲೆ ನಿಲ್ಲಬೇಕು, ಅವರ ಎದುರಿಗೆ. ನಾಳೆ, ಶುಕ್ರವಾರ, ಮುಂಜಾನೆ ಎಂಟಕ್ಕೆ —